ಚೀಟಿ ಅಂಟಿಸಿದ ಕುಂಬಳಕಾಯಿ

ಜಯನಗರ, ದಸರಾ ಮುಗಿದ ವಾರ

ಚಿಗವ್ವಾ, ನಿನ್ನ ಸುನಂದಾಳ ನಮಸ್ಕಾರ.

ನಮ್ಮ ವಿದೇಶಿ ಸಂಸ್ಥೆಯ ಖರೀದಿ ವಿಭಾಗದಲ್ಲಿ ಗುಂಡುಸೂಜಿ ಬೇಕಾದರೂ ಮೂರು ಅಂಗಡಿಗಳ ಕೊಟೇಶನ್ ತರಬೇಕು. ಆಯುಧಪೂಜೆಯ ಬೂದುಗುಂಬಳಕ್ಕೂ ಕೊಟೇಶನ್ ತರಲು ನನ್ನನ್ನೇ ಮಾರ್ಕೆಟ್ಟಿಗೆ ಅಟ್ಟಿದರು. ಫಾರಂನಲ್ಲಿ ಇದ್ದಂತೆ ಗ್ಯಾರಂಟಿ ಎಷ್ಟು ದಿನ ಎಂದು ಕೇಳಿದ್ದಕ್ಕೆ ಕಾಯಿ ಮಾರುವ ನಾರಾಯಣಮ್ಮ, "ಒಡೆಯೋ ಕಾಯಿಗೆ ಗ್ಯಾರಂಟಿ ಕೇಳ್ತೀರಲ್ಲ ಮೇಡಂ, ತಲೆ ನೆಟ್ಟಗಿದ್ಯಾ?" ಅಂದುಬಿಟ್ಟಳು.

ಕುರ್ಚಿ, ಕಂಪ್ಯೂಟರಿಗೆ ಅಂಟಿಸುವಂತೆ ಕೊಂಡುತಂದ ಕುಂಬಳಕ್ಕೂ "ಸಂಸ್ಥೆಯ ಆಸ್ತಿ" ಎಂಬ ನಂಬರ್ ಚೀಟಿ ಅಂಟಿಸಿದೆ. ಪೂಜೆ ಮುಗಿಸಿ ಡ್ರೈವರ್ ಮುತ್ತುರಾಜ ಅದನ್ನು ಗೇಟಿನೆದುರು ಎತ್ತಿ ಕುಕ್ಕುವುದಕ್ಕೂ, ಡೆನ್ಮಾರ್ಕಿನಿಂದ ಬಂದ ಹೊಸ ಮೇಡಂ ಕಿಟಕಿಯಿಂದ ಇಣುಕುವುದಕ್ಕೂ ಸರಿಹೋಯಿತು. ನನ್ನ ಕೆಲಸ ಕಾಯಂ ಮಾಡಬೇಕಾದವರು ಅವರೇ! ಸಂಸ್ಥೆಯ ಆಸ್ತಿ ಹಾಳಾದದ್ದು ಹೇಗೆಂದು ವರದಿ ಕೇಳಿದರು. "ಕಾಯಿಯು ತನ್ನನ್ನು ತಂದ ಕೆಲಸವನ್ನು ಒಂದೇ ಏಟಿಗೆ ಪೂರೈಸಿದೆ" ಎಂದು ಬರೆದುಕೊಟ್ಟೆ. ಓದಿ ತಲೆದೂಗಿ, ಮುಂದಿನ ವರ್ಷ ಇನ್ನೂ ಗಟ್ಟಿಯಾದದ್ದನ್ನು ತರಿಸು ಎಂದರು.

ನೆಗಡಿ ಹೋಗಿದೆ, ಊಟಕ್ಕೆ ತೊಂದರೆಯಿಲ್ಲ. ಕಾರ್ಡಿನಲ್ಲಿ ಜಾಗ ಮುಗಿಯಿತು. ಪೂಜೆಯ ದಿನ ಮೇಡಂ ಕಾರಿನ ಚಕ್ರದಡಿ ಅಪ್ಪಚ್ಚಿಯಾದ ನಾಲ್ಕು ನಿಂಬೆಹಣ್ಣಿಗೂ ನಾನು ಚೀಟಿ ಅಂಟಿಸಿದ್ದೆ. ಅದಿನ್ನೂ ಅವರಿಗೆ ಗೊತ್ತಿಲ್ಲ.

ಸುನಂದಾ