ವೇಗ ಬರಲಿಲ್ಲ, ರಾಗ ಬಂತು

ಪ್ರೀತಿಯ ಭಾವಮೈದುನನಿಗೆ,

ನೀನು ನನ್ನ ಟರ್ಬೊ ಕಾರಿಗೆ, ಎಂಜಿನ್ನಿಗೆ ಗಾಳಿ ಎಳೆಯುವ ಹೊಸ ಏರ್ ಇಂಟೇಕ್ ಕೂರಿಸಿ, "ಭಾವ, ಇನ್ಮೇಲೆ ಗಾಡಿ ಹಾರುತ್ತೆ ನೋಡಿ" ಎಂದಿದ್ದೆ. ವೇಗ ಬರಲಿಲ್ಲ, ರಾಗ ಬಂತು. ಕಂಪನಿಯ ಹಳೆಯ ಫಿಲ್ಟರ್ ಡಬ್ಬಿ ಹೊರಗಿನ ತಣ್ಣನೆಯ ಗಾಳಿ ಎಳೆಯುತ್ತಿತ್ತು. ನಿನ್ನದು ಎಂಜಿನ್ನಿನ ಬಿಸಿಯನ್ನೇ ಕುಡಿದು ಬುಸುಗುಡುತ್ತದೆ. ನಿನ್ನೆ ಏರು ರಸ್ತೆಯಲ್ಲಿ ಹಾಲಿನ ವ್ಯಾನೂ ನನ್ನನ್ನು ಹಿಂದೆ ಹಾಕಿತು.

"ಈ ಹಾವಿನ ಬುಟ್ಟೀಲಿ ನಾನು ಕೂರಲ್ಲ ರೀ, ಹಳೇ ಡಬ್ಬೀನೇ ಹಾಕ್ಸಿ" ಎಂದು ನಿನ್ನ ಅಕ್ಕನ ಆಜ್ಞೆ. ಭಾನುವಾರ ಇಬ್ಬರೂ ನಿನ್ನ ಗ್ಯಾರೇಜಿಗೆ ಬರುತ್ತೇವೆ. ದಯವಿಟ್ಟು, ಹಳೆಯ ಡಬ್ಬಿ ಕಳೆದುಹೋಯಿತು ಎಂದುಬಿಡು.

ಮೊದಲೆಲ್ಲ ನಾನು ಮನೆಯೊಳಗೆ ಬಂದು ನಿಂತರೂ ಅವಳು ಟಿವಿಯಿಂದ ತಲೆ ಎತ್ತುತ್ತಿರಲಿಲ್ಲ. ಈಗ ಬೀದಿಯ ತಿರುವಿನಲ್ಲೇ ಸದ್ದು ಕೇಳಿ, ಬೈಯಲಿಕ್ಕಾದರೂ ಸರಿ, ಬಾಗಿಲಿಗೆ ಬರುತ್ತಾಳೆ.

ನಿನ್ನನ್ನೇ ನಂಬಿರುವ,
ಭಾವ