ಮೊಳೆಯ ಎತ್ತರ

ಫ್ಲಾರೆನ್ಸ್, ಸಂತ ಲೂಕನ ಹಬ್ಬದ ಮರುದಿನ

ಸಿಯೆನಾದಲ್ಲಿರುವ ಅಪ್ಪನವರಿಗೆ ತೆಸ್ಸಾಳ ನಮಸ್ಕಾರ.

“ಮೊಳೆ ಹೊಡೆದು ದಾರ ಎಳೆಯೋನು ಬಡಗಿ, ಚಿತ್ರಗಾರನಲ್ಲ” ಎಂದು ನೋಫ್ರಿಯನ್ನು ಹೀಯಾಳಿಸಿ ನೀವು ನಮ್ಮ ಮದುವೆಗೂ ಬರಲಿಲ್ಲ. ಆ ಬಡಗಿ ಈಗ ಚರ್ಚಿನ ಗೋಡೆಯ ಚಿತ್ರ ಮುಗಿಸಿದ್ದಾನೆ. ಗೋಡೆಗೆ ಹೊಡೆದ ಒಂದೇ ಮೊಳೆಯಿಂದ ಎಳೆದ ದಾರಗಳ ಗುರುತು ಹಿಡಿದು ಕಂಬ, ಕಮಾನು, ಮೆಟ್ಟಿಲು ಬರೆದ. ಗೋಡೆಯೊಳಗೆ ಒಂದು ಕೋಣೆಯೇ ತೆರೆದುಕೊಂಡಿತು. ದೀಪ ಹಚ್ಚುವ ಮುದುಕ ಆ ಮೆಟ್ಟಿಲ ಮೇಲೆ ಎಣ್ಣೆಯ ಕುಡಿಕೆ ಇಡಲು ಹೋಗಿ ಒಡೆದುಕೊಂಡ. “ಗೋಡೆಗೂ ಸುಳ್ಳು ಹೇಳೋದು ಕಲಿಸಿದ್ಯಲ್ಲೋ!” ಎಂದು ನೋಫ್ರಿಗೆ ಬೈದು, ಗೋಡೆಯನ್ನು ಮತ್ತೊಮ್ಮೆ ಮುಟ್ಟಿ ನೋಡಿದ.

ಚಿತ್ರದಲ್ಲಿ ಹಿಂದಿರುವ ಸಂತರಿಗಿಂತ ಮುಂದೆ ನಿಂತ ಕುರಿ ಕಾಯುವವನು ದೊಡ್ಡದಾಗಿ ಕಾಣುತ್ತಾನೆಂದು, ಸಂತರನ್ನೇ ಎಲ್ಲರಿಗಿಂತ ದೊಡ್ಡದಾಗಿ ಬರೆಯಬೇಕೆನ್ನುವ ನಿಮ್ಮ ಹಾಗೆಯೇ ನಾನೂ ಜಗಳ ತೆಗೆದೆ. “ಸಂತರು ದೂರ ಇದ್ದಾರೆ ಕಣೇ, ಚಿಕ್ಕವರಾಗಿಲ್ಲ” ಎಂದ ನೋಫ್ರಿ.

ಸಂತರ ಪ್ರಭಾವಳಿಯನ್ನು ಮಾತ್ರ ಖಾಲಿ ಬಿಟ್ಟಿದ್ದಾನೆ. ಚಿನ್ನದ ರೇಕು ಕೂರಿಸುವ ಕೈ ನಿಮ್ಮದೇ ಅಂತೆ. ಬರುವಾಗ ರೇಕಿಗೆ ಹೊಳಪು ಕೊಡುವ ನಿಮ್ಮ ನಾಯಿಹಲ್ಲನ್ನೂ ತನ್ನಿ. ಇಲ್ಲಿನ ನಾಯಿಗಳ ಹಲ್ಲು ಕೆಲಸಕ್ಕೆ ಬಾರದು.

ಇನ್ನೊಂದು ಮಾತು. ಮೊಳೆ ನೋಡುವವರ ಕಣ್ಣಿನ ಎತ್ತರಕ್ಕಿದ್ದರೆ ಮಾತ್ರ ಚಿತ್ರ ಸರಿಯಾಗಿ ಕಾಣುವುದು. ಹೊಡೆಯುವ ಮುಂಚೆ ನೋಫ್ರಿ ನನ್ನನ್ನು ಕೇಳಿದ್ದು ನಿಮ್ಮ ಎತ್ತರವನ್ನು. ನಾನು ಮಣೆ ಹತ್ತಿ ನೋಡುತ್ತಿದ್ದೇನೆ.

ನಿಮ್ಮ ಮಗಳು,
ತೆಸ್ಸಾ