ಹಗೇವಿನ ಬಾಯಿಗೆ ಕುಳಿತವನು

ಮಳಖೇಡ, ಸೇಡಂ ತಾಲೂಕು
೯ ಮಾರ್ಚ್ ೨೦೨೫, ಭಾನುವಾರ

ಪ್ರೀತಿಯ ತಮ್ಮ ಪ್ರಬುದ್ಧನಿಗೆ ನಿನ್ನ ಅಕ್ಕ ರಮಾಬಾಯಿಯ ಜೈಭೀಮ್.

ಹೇಗಿದ್ದೀ? ತಲೆನೋವು ಇಳಿಯಿತೇ? ಎದೆ ಉರಿ, ಕೆಮ್ಮು ಇದ್ದರೆ ಮುಚ್ಚಿಡಬೇಡ, ಹಡಗಿನಲ್ಲಿ ಔಷಧ ಕೊಡುವವರಿಗೆ ಹೇಳು. ಇಲ್ಲಿ ನಾನು, ನಿನ್ನ ಮಾಮಾ, ಮಗಳು ಲುಂಬಿನಿ ಆರಾಮ ಇದ್ದೇವೆ. ಮಾಮಾಗೆ ಈ ವಾರ ಆದಿತ್ಯನಗರದ ಸಿಮೆಂಟ್ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ, ಹಗಲು ಬಿಸಿಲಿಗೆ ನಿದ್ದೆಯಿಲ್ಲ. ಅಪ್ಪನೂ ಆರಾಮ ಇದ್ದಾನೆ ಎಂದು ಬರೆಯಲು ಮಾತ್ರ ಕೈ ಬರುತ್ತಿಲ್ಲ, ಅದಕ್ಕೇ ಈ ಕಾಗದ. ಫೋನಿನಲ್ಲಿ ಬೈದರೆ ಸಿಗ್ನಲ್ ಇಲ್ಲ ಅಕ್ಕಾ ಎಂದು ಇಟ್ಟುಬಿಡುತ್ತೀ, ನಿನ್ನ ಚಾಳಿ ನನಗೆ ಗೊತ್ತಿಲ್ಲವೇ. ಲುಂಬಿನಿ ಇದರ ಫೋಟೊ ತೆಗೆದು ಕಳಿಸುತ್ತಾಳೆ. ಬಂದರು ಮುಟ್ಟಿದಾಗ ಕುಳಿತು ಪೂರಾ ಓದು.

ನೀನು ಓಣಿಯ ವಾಟ್ಸಾಪ್ ಗುಂಪಿಗೆ ಮಾತಾಡಿ ಕಳಿಸಿದ್ದನ್ನು ಊರೆಲ್ಲ ಕೇಳಿದೆ. ಎಣ್ಣೆ ಇಳಿಸಿದ ಟ್ಯಾಂಕನ್ನು ತೊಳೆದಿದ್ದರಂತೆ, ಗಾಳಿ ಹಾಯಿಸಿದ್ದರಂತೆ, ಬೆಳಿಗ್ಗೆ ಗಾಳಿ ಅಳೆಯುವ ಮೀಟರು ಸರಿ ತೋರಿಸಿತ್ತಂತೆ. ಊಟ ಮಾಡಿ ಬಂದ ಮೇಲೆ ನಿನ್ನ ಜೊತೆಗಾರ, ಆ ರತ್ನಾಗಿರಿಯವನು, ಮತ್ತೆ ಮೀಟರು ಹಿಡಿಯದೆ ತಳದ ಗಸಿ ಬಳಿಯಲು ಇಳಿದನಂತೆ. ಗಸಿ ಕೆದಕಿದ್ದೇ ತಡ ಗ್ಯಾಸ್ ಎದ್ದು, ತಲೆ ತಿರುಗಿ, ಮೇಲೆ ಬರುವಾಗ ಏಣಿಯ ನಡುಗಟ್ಟೆಯ ಮೇಲೆ ಕುಸಿದನಂತೆ. ನೀನು ಟ್ಯಾಂಕಿನ ಬಾಯಿಗೆ ಕಾವಲಿದ್ದವನು. ವಾಕಿಟಾಕಿಯಲ್ಲಿ ಕೂಗಬೇಕು, ಮುಖಕ್ಕೆ ಮುಖವಾಡ, ಬೆನ್ನಿಗೆ ಸಿಲಿಂಡರು ಕಟ್ಟಿಕೊಂಡವರು ಬರುವ ತನಕ ಅಲ್ಲೇ ನಿಲ್ಲಬೇಕು, ಅಷ್ಟೇ ನಿನ್ನ ಕೆಲಸ. ನೀನು ಕೂಗಲೂ ಇಲ್ಲ, ನಿಲ್ಲಲೂ ಇಲ್ಲ. ಉಸಿರು ಹಿಡಿದು ಇಳಿದೆ, ಎಳೆದು ತಂದೆ, ಇಬ್ಬರೂ ಉಳಿದಿರಿ. ಕ್ಯಾಪ್ಟನ್ ಶಹಬ್ಬಾಸ್ ಅನ್ನದೆ ಬೈದು, ಆ ಕೆಲಸದಿಂದಲೇ ತೆಗೆದ ಎಂದು ನಿನಗೆ ಸಿಟ್ಟು ಬೇರೆ. ಆ ಪುಣ್ಯಾತ್ಮನಿಗೆ ನನ್ನ ಪರವಾಗಿ ಕೈಮುಗಿ. ನಾನಿದ್ದಿದ್ದರೆ ಕಪಾಳಕ್ಕೆ ಎರಡು ಕೊಟ್ಟು ಆಮೇಲೆ ತಬ್ಬಿಕೊಂಡು ಅಳುತ್ತಿದ್ದೆ.

ಇಲ್ಲಿ ನಮ್ಮ ಓಣಿಯ ನರಸಪ್ಪನ ಕಾಟ ಹೇಳತೀರದು. ಬುದ್ಧವಿಹಾರದ ಮುಂದೆ ನಿನ್ನ ಫೋಟೊದ ಬ್ಯಾನರ್ ಕಟ್ಟಿಸಿದ. ನೀನು ಬಂದ ದಿನ ಶಾಲು ಹೊದಿಸಿ ಸತ್ಕಾರ ಮಾಡುತ್ತಾನಂತೆ. ಅದೂ ಇರಲಿ. ಅಪ್ಪ ಎದುರಿಗೇ ಕುಳಿತಿರುವಾಗ ನಾಲ್ಕು ಜನರ ನಡುವೆ ಅಂದುಬಿಟ್ಟ: "ಅಪ್ಪಗ ಹತ್ತಿದ ಕಳಂಕ ಮಗ ತೊಳದಾನ ನೋಡ್ರಿ."

ಆ ಕಳಂಕದ ಕಥೆಯನ್ನು ನೀನು ಊರವರ ಬಾಯಿಂದ ಕೇಳಿದ್ದೀ. ಈಗ ನನ್ನಿಂದ ಕೇಳು. ಆಗ ನೀನು ಹುಟ್ಟಿರಲಿಲ್ಲ. ಗೌಡರ ಹಗೇವಿನಿಂದ ಜೋಳ ತೆಗೆಯಲು ಅಪ್ಪ, ಅವನ ತಮ್ಮ ಮರೆಪ್ಪ ಕಾಕಾ, ಈ ನರಸಪ್ಪ ಹೋಗಿದ್ದರು. ನಾನು ಬುತ್ತಿ ತಂದವಳು ಅಲ್ಲೇ ನಿಂತಿದ್ದೆ. ನೆಲದೊಳಗಿನ ಆ ಗುಂಡಿಯಲ್ಲಿ ಮುಚ್ಚಿದ ಗಾಳಿ ವಿಷವಾಗಿರುತ್ತದೆ. ಬಾಯಿ ತೆರೆದು ಹೊತ್ತು ಬಿಡಬೇಕು, ಉರಿಯುವ ಕಂದೀಲು ಇಳಿಸಿ ನೋಡಬೇಕು, ಕಂದೀಲು ಆರಿದರೆ ಯಾರೂ ಇಳಿಯುವಂತಿಲ್ಲ. (ಹಡಗಿನಲ್ಲಿ ಕಂದೀಲು ಇಳಿಸಿದರೆ ಹಡಗೇ ಸಿಡಿದುಹೋಗುತ್ತದೆ, ಅದಕ್ಕೇ ಮೀಟರು ಅಕ್ಕಾ ಎಂದು ನೀನೇ ನಕ್ಕಿದ್ದೆ.) ಇಳಿಯುವವನ ಸೊಂಟಕ್ಕೆ ಹಗ್ಗ ಇರಬೇಕು. ಹಗ್ಗ ಹಿಡಿದು ಬಾಯಿಗೆ ಕುಳಿತವನು, ಒಳಗೆ ಏನೇ ಆಗಲಿ, ಇಳಿಯಬಾರದು. ಅವತ್ತು ಗೌಡರ ಅವಸರಕ್ಕೆ ಕಾಕಾ ಕಂದೀಲಿಗೂ ಕಾಯಲಿಲ್ಲ, ಹಗ್ಗವನ್ನೂ ಕಟ್ಟಿಕೊಳ್ಳಲಿಲ್ಲ. ಇಳಿದವನು ಅಲ್ಲೇ ಬಿದ್ದ. ಬಾಯಿಗೆ ಕುಳಿತಿದ್ದ ಅಪ್ಪ ಇಳಿಯಲಿಲ್ಲ. ಜನರನ್ನು ಕೂಗಿದ, ಹಗ್ಗಕ್ಕೆ ಕೊಕ್ಕೆ ಕಟ್ಟಿ ಇಳಿಬಿಟ್ಟು ಎಳೆದ. ನಾನು ಇಳಿಯುತ್ತೇನೆ ಎಂದು ಹಾರಲು ಹೋದ ನರಸಪ್ಪನನ್ನು ನೆಲಕ್ಕೆ ಕೆಡವಿ ಅವನ ಮೇಲೆಯೇ ಕುಳಿತ. ಕಾಕಾ ಹೆಣವಾಗಿ ಮೇಲೆ ಬಂದ. ಅಂದಿನಿಂದ ಅಪ್ಪ ಊರಿಗೆ ಹೇಡಿ. ಅಜ್ಜಿ ಸಾಯುವ ತನಕ ಅವನ ಕೈಯಿಂದ ನೀರು ಕುಡಿಯಲಿಲ್ಲ. ಅವತ್ತು ಅಪ್ಪ ಹಿಡಿದು ಕೆಡವದಿದ್ದರೆ ಈ ನರಸಪ್ಪ ಎಲ್ಲಿರುತ್ತಿದ್ದ? ಮೊಮ್ಮಕ್ಕಳನ್ನು ತೊಡೆಯ ಮೇಲೆ ಆಡಿಸುತ್ತ ಕಳಂಕದ ಮಾತಾಡುತ್ತಾನೆ. ಮೈಯೆಲ್ಲ ಉರಿದುಹೋಯಿತು. ಬ್ಯಾನರ್ ನಾನೇ ಹರಿದೆ. ಈಗ ಓಣಿಯವರು ನನ್ನನ್ನೇ ಹೊಟ್ಟೆಕಿಚ್ಚಿನವಳು ಅನ್ನುತ್ತಾರೆ, ಅನ್ನಲಿ ಬಿಡು.

ನಿನ್ನ ಮೇಲಿನ ಸಿಟ್ಟೂ ಇದೆ. ನೀನು ಇಳಿದದ್ದು ಜೊತೆಗಾರನಿಗಾಗಿ ಮಾತ್ರವೇ? ಶಾಲೆಯಲ್ಲಿ ಹೇಡಿಯ ಮಗ ಅಂದವರನ್ನು ಹೊಡೆದು ಅಂಗಿ ಹರಿದುಕೊಂಡು ಬರುತ್ತಿದ್ದವನು ನೀನು. ಕಳಿಸಿದ ಮಾತಿನ ಕೊನೆಗೆ "ಈಗ ಯಾರ ಏನ್ ಅಂತಾರ ನೋಡ್ತೀನಿ" ಎಂದು ನಕ್ಕಿದ್ದೀಯಲ್ಲ, ಅದನ್ನು ಅಪ್ಪ ಮತ್ತೆ ಮತ್ತೆ ಹಾಕಿಸಿಕೊಂಡು ಕೇಳಿದ. ಆಮೇಲೆ ವಿಹಾರಕ್ಕೆ ಹೋಗುವುದನ್ನೇ ಬಿಟ್ಟ. ರೊಟ್ಟಿ ಮುರಿದು ಹಾಗೇ ಕೈಯಲ್ಲಿ ಹಿಡಿದು ಕುಳಿತಿರುತ್ತಾನೆ. ನೀನು ಒಂದು ಜೀವ ಉಳಿಸಿದೆ, ಅವನ ತಾಯಿಯ ಹಾರೈಕೆ ನಿನಗಿರಲಿ. ಆದರೆ ನೀನು ಬದುಕಿ ಬಂದೆ, ಹಾಗಾಗಿ ಅವತ್ತು ಇಳಿಯದ ಅಪ್ಪನದೇ ತಪ್ಪು ಎಂದು ಊರು ತೀರ್ಮಾನ ಮಾಡಿದೆ, ನೀನೂ ಅದನ್ನೇ ನಂಬಿದ್ದೀ. ನಾಳೆ ಇನ್ನೊಬ್ಬ ಬಿದ್ದರೆ ನೀನು ಇಳಿದೇ ಇಳಿಯುತ್ತೀ ಎಂದು ನನಗೆ ಭಾಳ ಹೆದರಿಕೆ.

ವೇಳೆಗೆ ಸರಿಯಾಗಿ ಉಣ್ಣು. ಕ್ಯಾಪ್ಟನ್ ಹತ್ತಿರ ಸೆಟೆದುಕೊಳ್ಳಬೇಡ. ಮಾಮಾ ನೆನಪು ಹೇಳಿದ್ದಾನೆ, ಲುಂಬಿನಿ ನಮಸ್ಕಾರ ಹೇಳಿದ್ದಾಳೆ. ನೂರು ವರ್ಷ ಬಾಳು.

ನಿನ್ನನ್ನು ಎತ್ತಿ ಆಡಿಸಿದ ಅಕ್ಕ,
ರಮಾಬಾಯಿ

ತಾ.ಕ.: ಕಾಗದ ಮಡಿಚುತ್ತಿದ್ದೆ, ಅಪ್ಪ ಬಂದು ಪಕ್ಕದಲ್ಲಿ ಕುಳಿತ. ನಿನ್ನನ್ನು ಹೊಗಳಲಿಲ್ಲ, ಬೈಯಲೂ ಇಲ್ಲ. ಒಂದೇ ಕೇಳಿದ: "ಅವ ಒಳಗ ಇಳದ ಮ್ಯಾಲ ಬಾಯಿಗಿ ಯಾರ ಕುಂತಿದ್ರವ್ವಾ?" ಯಾರೂ ಇರಲಿಲ್ಲ ಎಂದೆ. ಅಪ್ಪ ಅಳತೊಡಗಿದ. ಕಾಕಾ ಸತ್ತ ದಿನವೂ ಅವನು ಅತ್ತದ್ದನ್ನು ನಾನು ಕಂಡಿಲ್ಲ. ಬಂದರು ಮುಟ್ಟಿದೊಡನೆ ಫೋನ್ ಮಾಡು, ನನಗಲ್ಲ, ಅವನಿಗೆ. "ಅವತ್ತ ನೀ ಇಳೀಲಿಲ್ಲಲ್ಲ, ಅದೇ ಬರೋಬ್ಬರಿ ಅಪ್ಪಾ" ಅನ್ನು. ನಾನು ಹೇಳಿದರೆ ಮಗಳ ಸಮಾಧಾನ ಅಂದುಕೊಳ್ಳುತ್ತಾನೆ. ನೀನು ಇಳಿದು ಬಂದವನು, ನೀನೇ ಹೇಳಬೇಕು.